ತಂಗಿಯ ಬೆಕ್ಕು ಊಟ ಬಿಟ್ಟದ್ದು

ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ, ಬೆಳಗಿನ ಏಳು ಗಂಟೆ, ಇಸ್ತ್ರಿ ತಾತ ಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದಾಗ ಬೆಕ್ಕು ತಟ್ಟೆಯ ಹತ್ತಿರ ಬಂತು, ಮೂಸಿತು, ಮೀನಿನ ತುಂಡನ್ನು ಬಾಯಿಗಿಟ್ಟು ತಲೆ ವಾಲಿಸಿತು, ಚೀರಿ ಉಗುಳಿ ಓಡಿತು — ಶುರುವಾದದ್ದು ಅವತ್ತೇ, ತಂಗಿ ಮನೆ ಬಿಟ್ಟು ಹೋಗಿ ಹತ್ತೊಂಬತ್ತು ದಿನ, ಬೆಕ್ಕು ಅವಳದ್ದು, ಅವಳ ಮಗ್ಗುಲಲ್ಲೇ ಮಲಗಿ ಬೆಳೆದದ್ದು, ಇನ್ನೇನಿರುತ್ತದೆ, ಅವಳನ್ನೇ ನೆನೆದು ಕೊರಗುತ್ತಿದೆ, ಮೂಕಪ್ರಾಣಿಗಿರುವ ಕರುಳು ತನಗಿಲ್ಲದೆ ಹೋಯಿತಲ್ಲ, ಗಿರಾಕಿಯ ಬಿಳಿ ಅಂಗಿಯ ಮೇಲೆ ಅದು ಮಲಗಿತೆಂದು ಕಿರುಚಿದ್ದು ತಾನೇ ಅಲ್ಲವೆ, ನಿಂಗೂ ನಿನ್ನ ಬೆಕ್ಕಿಗೂ ಇದು ಧರ್ಮಛತ್ರ ಆಗೋಯ್ತು ಅಂದುಬಿಟ್ಟನಲ್ಲ, ಮೂವತ್ತು ವರ್ಷ ಅದೇ ಮೇಜಿನ ಆಚೆ ಬದಿ ನಿಂತು ಬಟ್ಟೆ ಮಡಿಸಿದವಳಿಗೆ — ಅವಳು ತನ್ನ ಮಗಳ ಮನೆಗೆ ಹೊರಟೇಬಿಟ್ಟಳು. ಫೋನು ಮಾಡಿದ, ನಿನ್ನ ಬೆಕ್ಕು ಊಟ ಬಿಟ್ಟಿದೆ ಕಣೆ, ನಿನ್ನ ಕೊರಗಲ್ಲೇ, ಅವಳು ನಕ್ಕಳು, ಕೊರಗ್ತಿರೋದು ಬೆಕ್ಕೋ ನೀನೋ ಅಣ್ಣ, ಆದರೂ ದನಿ ಮೆತ್ತಗಾಗಿತ್ತು, ಬರೋ ವಾರ ಗುರುವಾರ ಬರ್ತೀನಿ ಬಿಡು, ಅದು ಮಡಿಲು ಬಿಡ್ಲಿಲ್ಲ ಅಂದ್ರೆ ಅಲ್ಲೇ ಇದ್ದುಬಿಡ್ತೀನಿ.

ಅಲ್ಲಿಯವರೆಗೆ ಜೀವ ಹಿಡಿದಿರಲಿ ಎಂದು ಬಟ್ಟೆಬುಟ್ಟಿಯಲ್ಲಿ ಹಾಕಿಕೊಂಡು ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಹೋದ, ಆಕೆ ಹೆಬ್ಬೆರಳಿನಿಂದ ತುಟಿ ಎತ್ತಿದಳು, ನೋಡಿ ತಾತ, ಒಸಡು ಹೇಗೆ ಕೆಂಪಗೆ ಊದಿದೆ, ಬಾಯಿ ವಾಸನೆ ಬರ್ತಿರ್ಲಿಲ್ವಾ, ಬರುತ್ತಿತ್ತು, ಮೀನು ತಿಂದ ಬಾಯಿ ಇನ್ನೇನು ಅತ್ತರು ನಾರುತ್ತದೆಯೇ ಎಂದುಕೊಂಡಿದ್ದ, ಇದಕ್ಕೆ ಹಸಿವಿದೆ ತಾತ, ಕಚ್ಚಿದ್ರೆ ಪ್ರಾಣ ಹೋಗೋ ನೋವು, ತಿಂಗಳುಗಟ್ಟಲೆಯಿಂದ ಇದೆ, ಹಿಂದಿನ ಹಲ್ಲು ಕೀಳಬೇಕು — ಅಂದರೆ ತಂಗಿಯ ಮಡಿಲಲ್ಲಿದ್ದಾಗಲೂ ನೋವಿತ್ತು, ಕೊರಗಲ್ವಾ ಡಾಕ್ಟರಮ್ಮ, ಒಂಚೂರೂ? ಆಕೆಗೆ ನಗು. ಗುರುವಾರ ಕಳೆದ ಮೇಲೆ ಕೀಳಬಹುದಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಅಷ್ಟರಲ್ಲಿ ಬೆಕ್ಕು ಮುಂಗಾಲಿನಿಂದ ತನ್ನ ದವಡೆಯನ್ನು ತಾನೇ ಒರೆಸಿಕೊಂಡಿತು, ಮಕ್ಕಳು ಕಣ್ಣೀರು ಒರೆಸಿಕೊಳ್ಳುವ ಹಾಗೆ, ಇವತ್ತೇ ಕೀಳಿ ತಾಯಿ ಎಂದ.

ಗುರುವಾರ ಅವಳು ಬಂದಾಗ ಬೆಕ್ಕು ತಟ್ಟೆಯಲ್ಲಿ ಮುಖ ಹುದುಗಿಸಿತ್ತು, ಕಿವಿ ಕೂಡ ಅಲ್ಲಾಡಿಸಲಿಲ್ಲ, ಇದೇನಾ ಅಣ್ಣ ಊಟ ಬಿಟ್ಟಿದ್ದು, ಹೊಟ್ಟೆ ಗುಡಾಣ ಆಗಿದೆಯಲ್ಲೋ, ಹಲ್ಲುನೋವು ಕಣೆ, ನಿನ್ನ ಕೊರಗಲ್ಲವಂತೆ, ಅಷ್ಟನ್ನು ನಿಜ ಹೇಳಿದ, ಕೊರಗಿದ್ದು ತಾನು ಎಂಬ ಉಳಿದ ನಿಜವನ್ನು ಬಿಟ್ಟು ಎರಡು ದಿನ ಒಲೆ, ಬಟ್ಟೆ, ಗಿರಾಕಿ ಎಂದು ಏನೇನೋ ಮಾತಾಡಿದ, ಅವಳು ಕಾದಳು, ಕಾಯುತ್ತಿದ್ದಾಳೆಂದು ಅವನಿಗೆ ಗೊತ್ತು — ಹೊರಡುವಾಗ ಹೊಸ್ತಿಲ ಹತ್ತಿರ ಒಂದು ಕಾಲಿಗೆ ಚಪ್ಪಲಿ ಹಾಕಿ ಇನ್ನೊಂದಕ್ಕೆ ಹಾಕದೆ ನಿಂತಳು, ಈ ಮನೇಲಿ ಇನ್ಯಾರಿಗಾದ್ರೂ ನೋವಿದ್ಯಾ ಅಣ್ಣ, ಇಲ್ಲವಲ್ಲ ಎಂದ, ಅಷ್ಟು ಬೇಗ ಯಾಕೆ ಹಾಗಂದುಬಿಟ್ಟ, ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು ಇನ್ನೂ ನೆಲದ ಮೇಲೆ, ಇಲ್ಲವಲ್ಲ, ಆ ಬರಿಗಾಲು — ಶನಿವಾರ ತಂಗಿ ಮತ್ತೆ ಮಗಳ ಮನೆಗೆ ಹೋದಳು.