ಮೂರು ಪತ್ರಿಕೆ, ಹದಿನೈದು ಕುಂಡ

"ಸಾಲು ಕೆಡಿಸಬೇಡಿ! ನಿಮ್ಮ ದಮ್ಮಯ್ಯ ಅಂತೀನಿ, ಸಾಲು ಕೆಡಿಸಬೇಡಿ!"

ತಂಗಿ ಕೂಗಿದ ರಭಸಕ್ಕೆ ಕುಂಡ ಎತ್ತುತ್ತಿದ್ದ ನಾಲ್ಕೂ ಜನ ಇದ್ದಲ್ಲೇ ನಿಂತರು. ಅಕ್ಕನ ದೇಹ ಹೊರಗೆ ಹೋಗಬೇಕಾದರೆ ವರಾಂಡದಲ್ಲಿ ದಾರಿ ಬೇಕು. ದಾರಿಯ ತುಂಬ ಹದಿನೈದು ಕುಂಡ. ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದವಳು ಕುಂಡಕ್ಕೆ ಬಾಯಿ ಬಡಿದುಕೊಳ್ಳುವುದನ್ನು ಕಂಡು ಪಕ್ಕದ ಮನೆಯವಳು ಗಲ್ಲದ ಮೇಲೆ ಕೈಯಿಟ್ಟಳು.

"ಪಾಪ, ತಲೆ ನಿಂತಿಲ್ಲ ಅವಳಿಗೆ."

"ತಲೆ ನೆಟ್ಟಗೇ ಇದೆ ಕಣ್ರೀ. ಐದೈದು ಕುಂಡದ ಮೂರು ಸಾಲು. ಇದ್ದ ಹಾಗೇ ಎತ್ತಿ, ಇದ್ದ ಹಾಗೇ ಇಡ್ರಪ್ಪಾ ಅಂದೆ, ಅಷ್ಟೇ" ಎಂದು ತಂಗಿ ಬಾಗಿಲಿಗೆ ಒರಗಿದಳು. ಅಳುವುದಕ್ಕೂ ತ್ರಾಣ ಬೇಕಲ್ಲ. ಮೂರು ತಿಂಗಳಿಂದ ನೆಟ್ಟಗೆ ನಿದ್ದೆ ಕಾಣದವಳಲ್ಲಿ ಉಳಿದಿದ್ದ ಚೂರುಪಾರು ಆ ಕೂಗಿಗೇ ಮುಗಿದುಹೋಗಿತ್ತು.

ಅಕ್ಕ ಮೂವತ್ತೊಂದು ವರ್ಷ ಬೀದಿಯ ವಾಚನಾಲಯ ನೋಡಿಕೊಂಡವಳು. ಬೀಗ ತೆಗೆಯುವುದು, ಕಸ ಗುಡಿಸುವುದು, ಪತ್ರಿಕೆಗಳಿಗೆ ಮುದ್ರೆ ಒತ್ತುವುದು, ಪದಬಂಧ ತುಂಬಿಸಿದವರಿಗೆ ಮಂಗಳಾರತಿ ಎತ್ತುವುದು, ಎಲ್ಲವೂ ಅವಳದೇ. ಗಂಡ ತೀರಿಕೊಂಡ ಮೇಲೆ ತಂಗಿ ಅವಳ ಜೊತೆಗೆ ಬಂದು ಇದ್ದಳು. ಬೀದಿಯವರಿಗೆ ಇವಳು ಅಂದಿನಿಂದ ತಂಗ್ಯಮ್ಮ.

ವ್ಯಾನು ಬರುವುದು ತಡವಾಯಿತು. ವಾಚನಾಲಯದ ಕಾರ್ಯದರ್ಶಿ ಎರಡು ಸಲ ಹತ್ತಿರ ಬಂದು, ಎರಡು ಸಲ ಹಿಂದೆ ಸರಿದು, ಮೂರನೇ ಸಲ ಗಂಟಲು ಸರಿಮಾಡಿಕೊಂಡರು.

"ತಂಗ್ಯಮ್ಮ, ಇಂಥಾ ಹೊತ್ತಲ್ಲಿ ಕೇಳಬಾರದು..."

"ಕೇಳೋದನ್ನ ಕೇಳಿಬಿಡಿ."

"ಮುಂದಿನ ವರ್ಷದ ಪತ್ರಿಕೆಗಳ ಪಟ್ಟಿ ಇವತ್ತು ಸಂಜೆ ಐದಕ್ಕೆ ಹೋಗ್ಬೇಕು. ತೋಟದ ಪತ್ರಿಕೆ ಮುಂದೆ ಜಾಗ ಖಾಲಿ ಇದೆ. ಅಕ್ಕಾವ್ರು ಯಾವುದು ಅಂತ ಹೇಳೋಕೆ ಮುಂಚೇನೇ... ಈಗ ಬರೀದಿದ್ರೆ ವರ್ಷವಿಡೀ ಯಾವುದೂ ಬರಲ್ಲ."

ತಂಗಿಯ ಎದೆ ಧಸಕ್ಕೆಂದಿತು. ಸಾವಿನ ಸುದ್ದಿಗೂ ಹಾಗೆ ಅಂದಿರಲಿಲ್ಲ.

"ಸ್ಮಶಾನದಿಂದ ಬಂದಮೇಲೆ ಹೇಳ್ತೀನಿ" ಎಂದಳು.

*

ಏಳು ವರ್ಷದ ಹಿಂದೆ ಇದೇ ಕಾರ್ಯದರ್ಶಿ ಬಣ್ಣದ ಚಿತ್ರಕ್ಕೆ ಮರುಳಾಗಿ ಹೊಳಪು ಕಾಗದದ ಪತ್ರಿಕೆ ತರಿಸಿದ್ದರು. ಅದು ಹೇಳಿತೆಂದು ಬೀದಿಗೆ ಬೀದಿಯೇ ಟೊಮೆಟೊ ಬುಡಕ್ಕೆ ಬೂದಿ ಸುರಿಯಿತು. ನಲವತ್ತು ಮನೆಯ ಗಿಡಗಳು ಒಂದೇ ವಾರದಲ್ಲಿ ಮುಖ ಬಾಡಿಸಿಕೊಂಡು ಮಲಗಿದವು. ಮುಂದಿನ ಸಂಚಿಕೆ ಆ ಬಗ್ಗೆ ಚಕಾರ ಎತ್ತಲಿಲ್ಲ. ಮುಖಪುಟದಲ್ಲಿ ಇನ್ನೊಂದು ಟೊಮೆಟೊ ನಗುತ್ತಿತ್ತು, ಅಷ್ಟೇ.

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಹೊಳಪಿನದು, ಜಾಹೀರಾತು ತುಂಬಿದ ದಪ್ಪನೆಯದು, ಓದುಗರ ಕಾಗದಗಳೇ ಹೆಚ್ಚಿರುವ ತೆಳ್ಳನೆಯದು, ಈ ಮೂರನ್ನೂ ಮನೆಗೆ ತರಿಸಿ ಒಂದೊಂದಕ್ಕೆ ಐದೈದು ಕುಂಡ ಕೊಟ್ಟಳು. ಆ ಸಾಲಿಗೆ ಆ ಪತ್ರಿಕೆ ಹೇಳಿದ್ದೇ ಕಾನೂನು. ಹೆಚ್ಚಿಲ್ಲ, ಕಡಿಮೆಯಿಲ್ಲ. ದಿನವೂ ಏನಾಯಿತೆಂದು ಪುಸ್ತಕದಲ್ಲಿ ಮೂರು ಅಂಕಣ ಎಳೆದು ಬರೆಯುವುದು. ವರ್ಷದ ಕೊನೆಗೆ ಅವಳು ಹೇಳಿದ ಪತ್ರಿಕೆಯೇ ವಾಚನಾಲಯಕ್ಕೆ. ಬೀದಿಯ ತಾರಸಿ, ಕಿಟಕಿ, ಮೆಟ್ಟಿಲುಗಳ ಗಿಡಗಳೆಲ್ಲ ಅದನ್ನೇ ನೆಚ್ಚಿಕೊಂಡು ಬೆಳೆಯುತ್ತಿದ್ದವು.

"ಬರೀ ಗಿಡ ನೋಡಿದ್ರೆ ಸಾಲದು ಕಣೇ" ಎನ್ನುತ್ತಿದ್ದಳು. "ಗಿಡ ಯಾರ ಕೈಯಲ್ಲಾದ್ರೂ ಸಾಯುತ್ತೆ. ಹೋದ ತಿಂಗಳು ನಾವು ಹೇಳಿದ್ದು ತಪ್ಪಾಯ್ತು ಅಂತ ಅಚ್ಚು ಹಾಕಿಸ್ತಾರಲ್ಲ, ಅಂಥವರನ್ನ ನಂಬು."

ಈ ವರ್ಷ ಬೇಸಿಗೆಗೆ ಅಕ್ಕ ಹಾಸಿಗೆ ಹಿಡಿದಳು. ಮಂಚವನ್ನು ವರಾಂಡದ ಕಿಟಕಿಗೆ ತಾಗಿಸಿ ಹಾಕಿಸಿಕೊಂಡಳು. ಕುತ್ತಿಗೆ ಎತ್ತಲಾಗದಿದ್ದರೂ ಅಧಿಕಾರ ಬಿಡಲಿಲ್ಲ.

"ಹೊಳಪಿನ ಸಾಲಿಗೆ ಮೂರು ದಿನಕ್ಕೊಂದು ಲೋಟ ನೀರು, ಪೂರ್ತಿ ಬಿಸಿಲು. ಗಿಡ ಗಟ್ಟಿಯಾಗುತ್ತೆ ಅಂತ ಬರೆದಿದಾರೆ."

"ಒಣಗಿಹೋಗ್ತವಲ್ಲೇ ಅಕ್ಕಾ!"

"ಸತ್ತರೆ ಸಾಯಲಿ. ಅದನ್ನ ನೋಡೋಕೇ ತಾನೇ ಇಟ್ಟಿರೋದು? ನೀನು ಕೈ ಹಾಕಬೇಡ."

ತಂಗಿ ಒಂದು ವಾರ ತಡೆದಳು. ಎಂಟನೇ ದಿನ ಮಧ್ಯಾಹ್ನ, ಅಕ್ಕನ ಬೆನ್ನು ಒರೆಸಿ, ಹೊದಿಕೆ ಬದಲಿಸಿ ಹೊರಗೆ ಬಂದರೆ ಮೆಣಸಿನ ಗಿಡ ಎಲೆ ಜೋಲುಬಿಟ್ಟು ನಿಂತಿತ್ತು. ಒಳಗೊಂದು ಜೀವ ಹೀಗೆ ಕೈ ಜಾರುತ್ತಿರುವಾಗ ಹೊರಗೂ ಇದನ್ನೇ ನೋಡಬೇಕೇ ಎಂದು ಅವಳಿಗೆ ಸಿಟ್ಟು ಬಂತು. ತಂಬಿಗೆ ತುಂಬ ನೀರು ಸುರಿದಳು. ಐದೂ ಕುಂಡಗಳನ್ನು ಮೆಲ್ಲಗೆ ಗೋಡೆಯ ನೆರಳಿಗೆ ಎಳೆದಳು. ಸಂಜೆ ಮತ್ತೆ ಸಾಲಿಗೆ ತಂದಿಟ್ಟಳು. ಅಲ್ಲಿಂದ ದಿನವೂ ಅದೇ ಕಳ್ಳತನ.

"ಹೊಳಪಿನವು ಹೇಗಿವೆ?" ಎಂದು ಅಕ್ಕ ಸಂಜೆ ಕೇಳುವಳು.

"ಚೆನ್ನಾಗೇ ಇವೆ."

"ಪೂರ್ತಿ ಬಿಸಿಲಲ್ಲಿ?"

"ಹೂಂ."

ಅಕ್ಕ ಪುಸ್ತಕ ಎದೆಯ ಮೇಲಿಟ್ಟುಕೊಂಡು ಏನೋ ಬರೆಯುವಳು. ಪುಸ್ತಕವನ್ನು ಯಾರೂ ಮುಟ್ಟುವಂತಿರಲಿಲ್ಲ.

*

ಸ್ಮಶಾನದಿಂದ ಬಂದಾಗ ನಾಲ್ಕೂವರೆ. ಜನ ವರಾಂಡದಲ್ಲಿ ಕಾಲು ಚಾಚಿ ಕೂತರು. ಕುಂಡಗಳು ಸಾಲಾಗಿ ಇದ್ದಲ್ಲಿಗೇ ಬಂದಿದ್ದವು. ತಾರಸಿಯಲ್ಲಿ ಗುಲಾಬಿ ಬೆಳೆಸಿ ಆ ಹೆಸರು ಪಡೆದ ಗುಲಾಬಿ ಮೇಷ್ಟ್ರು ಬಗ್ಗಿ ಒಂದೊಂದೇ ಗಿಡ ನೋಡಿದರು.

"ಪುಸ್ತಕ ಯಾಕ್ರೀ ಬೇಕು? ಕಣ್ಣಿಲ್ವಾ? ದಪ್ಪಂದರ ಸಾಲಲ್ಲಿ ಎರಡು ಸತ್ತಿವೆ. ತೆಳ್ಳಂದು ಪರವಾಗಿಲ್ಲ. ಹೊಳಪಿನದು ನೋಡಿ, ಮೆಣಸಿನಕಾಯಿ ಹೇಗೆ ಜಗ್ಗಿದೆ! ಅದನ್ನೇ ಬರ್ಕೊಳ್ಳಿ."

ಕಾರ್ಯದರ್ಶಿ ಪೆನ್ನಿನ ಮುಚ್ಚಳ ತೆಗೆದರು.

ತಂಗಿ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇನ್ನೊಂದು ಮಾತಾಡುವ ಶಕ್ತಿಯೂ ಅವಳಲ್ಲಿರಲಿಲ್ಲ. ಆದರೆ ಅಕ್ಕ ಏಳು ವರ್ಷ ಕಾಪಾಡಿಕೊಂಡು ಬಂದ ಮಾತು ಅವಳು ಹೋದ ದಿನವೇ ಸುಳ್ಳಾಗುವುದನ್ನು ತಂಗಿಗೆ ತಡೆದುಕೊಳ್ಳಲಾಗಲಿಲ್ಲ. ಮತ್ತೆ ನಲವತ್ತು ಮನೆಯ ಗಿಡ ಮಲಗಿದರೆ ಜನ ಅಕ್ಕನ ಹೆಸರನ್ನೇ ಎತ್ತುತ್ತಾರೆ.

"ಬರೀಬೇಡಿ" ಎಂದಳು. "ಅದು ಪತ್ರಿಕೆ ಬೆಳೆಸಿದ್ದಲ್ಲ, ನಾನು. ಬೇಡ ಅಂದ್ರೂ ಕದ್ದು ನೀರು ಹಾಕ್ದೆ, ನೆರಳಿಗೆ ಎಳೆದೆ. ದಿನಾ ಅವಳ ಹತ್ರ ಸುಳ್ಳು ಹೇಳ್ದೆ. ಅವಳು ನನ್ನ ನಂಬಿ ಪುಸ್ತಕದಲ್ಲೂ ಅದನ್ನೇ ಬರೆದಿರ್ತಾಳೆ. ತಪ್ಪಾಯ್ತು."

ಮೇಷ್ಟ್ರು ಮೆಣಸಿನ ಗಿಡದಿಂದ ಕೈ ತೆಗೆದರು.

"ಪುಸ್ತಕ ಒಂದ್ಸಲ ನೋಡಿಬಿಡೋಣಮ್ಮ" ಎಂದರು ಕಾರ್ಯದರ್ಶಿ.

ಅದು ಅಕ್ಕನ ದಿಂಬಿನ ಕೆಳಗೇ ಇತ್ತು. ದಿಂಬಿನಲ್ಲಿ ತಲೆಯಿಟ್ಟ ತಗ್ಗು ಇನ್ನೂ ಹಾಗೇ ಇತ್ತು. ತಂಗಿ ಅದನ್ನು ಕೆಡಿಸದ ಹಾಗೆ ಪುಸ್ತಕ ಎಳೆದು ತಂದುಕೊಟ್ಟಳು. ಕಾರ್ಯದರ್ಶಿ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು:

"'ತೆಳ್ಳನೆಯದನ್ನು ತರಿಸಿ. ಈ ವರ್ಷ ಎರಡು ಸಲ ತಪ್ಪು ಒಪ್ಪಿಕೊಂಡಿದೆ. ಹೊಳಪಿನ ಸಾಲನ್ನು ಈ ಸಲ ನೋಡಬೇಡಿ. ಅದು...'"

ಅಲ್ಲಿಗೆ ಓದು ನಿಲ್ಲಿಸಿದರು. ಪುಟ ಹಿಂದೆ ತಿರುಗಿಸಿದರು, ಮುಂದೆ ತಿರುಗಿಸಿದರು. ಆಮೇಲೆ ಪುಸ್ತಕವನ್ನು ತಂಗಿಯ ಕೈಗಿಟ್ಟರು.

"ನೀವೇ ನೋಡಿ ತಾಯಿ."

ಪುಟದಲ್ಲಿ ಯಾವಾಗಲೂ ಇರುತ್ತಿದ್ದ ಮೂರು ಅಂಕಣಗಳ ಪಕ್ಕದಲ್ಲಿ, ನಡುಗುವ ಕೈಯಲ್ಲಿ ಎಳೆದ ಇನ್ನೊಂದು ಗೆರೆ. ಮೇಲೆ ತಲೆಬರಹ: ತಂಗಿ. ಕೆಳಗೆ, ಮೂರು ತಿಂಗಳ ಒಂದೊಂದು ದಿನವೂ ಇತ್ತು. 'ಎರಡು ಗಂಟೆಗೆ ಕುಂಡ ಎಳೆದ ಸದ್ದು. ಒಂದು ತಂಬಿಗೆ ನೀರು. ಕೇಳಿದರೆ ಇಲ್ಲ ಅಂತಾಳೆ.' 'ಮೆಣಸಿನ ಗಿಡದಲ್ಲಿ ಮೂರು ಹೂವಂತೆ.' 'ಇವತ್ತು ಸದ್ದು ತಡವಾಯಿತು. ಪಾಪ, ಕೂತಲ್ಲೇ ತೂಕಡಿಸಿರಬೇಕು.'

ತಂಗಿ ನೆಲದ ಮೇಲೆ ಕೂತುಬಿಟ್ಟಳು. ಬೆಳಗಿನಿಂದ ಎಲ್ಲಿ ಅಡಗಿತ್ತೋ, ಅಳು ಈಗ ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು ಕೊನೆಯ ಪುಟ ತಿರುಗಿಸಿದಳು. ಅದೇ ಅಂಕಣದಲ್ಲಿ, ನಿನ್ನೆಯ ತಾರೀಕಿನ ಮುಂದೆ, ಅಕ್ಷರಗಳು ಗೆರೆ ಬಿಟ್ಟು ಕೆಳಗೆ ಜಾರಿದ್ದವು:

'ಹದಿನಾರನೇ ಕುಂಡ, ನಾನು. ಎರಡು ಚಮಚ ನೀರು. ದಿಂಬು ನೆರಳಿಗೆ ಸರಿಸಿದಳು. ಬದುಕಿದೆ.'

ಅದರ ಕೆಳಗೆ ಇವತ್ತಿನ ತಾರೀಕು ಹಾಕಿ, ಬರೆಯಲು ಜಾಗ ಬಿಟ್ಟಿತ್ತು.