ಹನ್ನೊಂದೂ ಇಪ್ಪತ್ತರ ಗಂಟೆ

ರೇಲೀನ್ ಹಾಕಿಂಗ್‌ಗೆ ಕೋಪ ಮೂಗಿನ ತುದಿಯಲ್ಲೇ ಇತ್ತು. ಅದನ್ನವಳು ಯಾವತ್ತೂ ಮುಚ್ಚಿಟ್ಟವಳಲ್ಲ. ಟಿವಿಯವರು ಅವಳನ್ನು ಅಡುಗೆ ಸ್ಪರ್ಧೆಗೆ ಆರಿಸಿದ್ದೂ ಅದಕ್ಕೇ ಹೊರತು ಅವಳ ಕುರಿಮಾಂಸದ ಸಾರಿನ ರುಚಿಗಲ್ಲ. ರಿವರಿನಾ ಬಯಲಿನ ಶೆಡ್‌ಗಳಲ್ಲಿ ಕುರಿಯ ಉಣ್ಣೆ ಕತ್ತರಿಸುವ ಗಂಡಸರಿಗೆ ಮೂವತ್ತೊಂದು ವರ್ಷ ಬೇಯಿಸಿ ಹಾಕಿದ ಹೆಂಗಸು ಮೆತ್ತಗೆ ಮಾತಾಡಲಿ ಅಂದರೆ ಎಲ್ಲಿಂದ ಮಾತಾಡುತ್ತಾಳೆ?

ಸ್ಪರ್ಧೆಯಲ್ಲಿ ನಾಲ್ಕು ನಾಲ್ಕು ಜನರ ಎರಡು ತಂಡ. ವಾರವಾರ ಸೋತ ತಂಡ ತನ್ನವರಲ್ಲೇ ಒಬ್ಬರನ್ನು ಮನೆಗೆ ಕಳಿಸಬೇಕು. ಈ ವಾರ ಸೋತದ್ದು ರೇಲೀನಳ ತಂಡ. ಮಿಲ್ಡ್ಯೂರಾ ಊರಿನಾಚೆ ದ್ರಾಕ್ಷಿ ತೋಟದ ತಗಡಿನ ಶೆಡ್ಡಿನೊಳಗೆ, ಮಧ್ಯಾಹ್ನ ಮೂರರ ಸೆಕೆಯಲ್ಲಿ, ನಾಲ್ವರೂ ಮನೆಗೆ ಕಳಿಸಬೇಕಾದವರ ಹೆಸರು ಬರೆದ ಒಂದೊಂದು ಕಾರ್ಡು ಹಿಡಿದು ನಿಂತಿದ್ದರು. ರೇಲೀನ್ ನೋಡುತ್ತಿದ್ದದ್ದು ಒಂದೇ ಕಾರ್ಡನ್ನು, ಲೋರ್ನಾಳದ್ದನ್ನು.

ಲೋರ್ನಾ ಹನ್ನೊಂದು ವರ್ಷದಿಂದ ಉಣ್ಣೆ ಶೆಡ್ಡಿನ ಅಡುಗೆಮನೆಯಲ್ಲಿ ಅವಳ ಕೈಕೆಳಗಿನವಳು. ಈರುಳ್ಳಿ ಹೆಚ್ಚುವವಳು, ಬೈಸಿಕೊಳ್ಳುವವಳು, ಸಂಜೆ ಜೊತೆಗೆ ಕೂತು ಬಿಯರ್ ಕುಡಿಯುವವಳು. ಸ್ಪರ್ಧೆಗೆ ಅರ್ಜಿ ತುಂಬಿ ಕಳಿಸಿದವಳೂ ಅವಳೇ. ಆಗಸ್ಟ್‌ನಲ್ಲಿ ಉಣ್ಣೆ ಕೆಲಸ ಶುರುವಾದರೆ ಇಬ್ಬರೂ ಒಂದೇ ಗಾಡಿಯಲ್ಲಿ ಹೊರಡಬೇಕು. ಗೆಲುವು ಸೋಲು ರೇಲೀನಳಿಗೆ ಅಷ್ಟಕ್ಕಷ್ಟೆ. ಆದರೆ ಲೋರ್ನಾ ಕಾರ್ಡಿನಲ್ಲಿ ರೇಲೀನ್ ಎಂದು ಬರೆದಿದ್ದರೆ ಆ ಗಾಡಿ ಹತ್ತುವುದು ಹೇಗೆ ಅಂತ ಅವಳಿಗೆ ತೋಚಿರಲಿಲ್ಲ.

ಸೋತದ್ದು ಅವಳಿಂದಲೇ, ಅದರಲ್ಲಿ ಎರಡು ಮಾತಿಲ್ಲ. ದ್ರಾಕ್ಷಿ ಬಿಡಿಸುವ ಎಂಬತ್ತು ಆಳುಗಳಿಗೆ ಹನ್ನೆರಡಕ್ಕೆ ಸರಿಯಾಗಿ ಊಟ ಹಾಕಬೇಕಿತ್ತು. ತೋಟದ ಕಂಬಕ್ಕೆ ಕಬ್ಬಿಣದ ಗಂಟೆಯೊಂದನ್ನು ಕಟ್ಟಿದ್ದರು. ಹನ್ನೊಂದೂ ಇಪ್ಪತ್ತಕ್ಕೆ ಕ್ಯಾಮೆರಾದವರು, ಬಿಸಿಲು ಚೆನ್ನಾಗಿದೆ ಅಂತ, ಚಿತ್ರಕ್ಕೋಸ್ಕರ ಒಮ್ಮೆ ಗಂಟೆ ಬಾರಿಸಿದರು. ಪಕ್ಕದ ತಂಡದವರು ತಲೆ ಎತ್ತಿ ನೋಡಿ ಮತ್ತೆ ತಮ್ಮ ಕೆಲಸಕ್ಕೆ ತಿರುಗಿದರು. ರೇಲೀನಳ ಕೈ ಮಾತ್ರ ಆಗಲೇ ಸೌಟಿಗೆ ಹೋಗಿತ್ತು. ಶೆಡ್ಡಿನಲ್ಲಿ ಗಂಟೆ ಹೊಡೆಯಿತೆಂದರೆ ಉಣ್ಣೆಯವರು ಕತ್ತರಿ ಕೆಳಗಿಟ್ಟು ಬರುತ್ತಾರೆ. ಅವರು ಬೆಂಚಿನ ಮೇಲೆ ಕೂರುವಷ್ಟರಲ್ಲಿ ತಟ್ಟೆ ಮುಂದಿರಬೇಕು. ತಡವಾದರೆ ಶೆಡ್ಡಿನವರು ಕೈ ಎತ್ತಿ ಮತ ಹಾಕಿ ಅಡುಗೆಯವರನ್ನೇ ಕಿತ್ತುಹಾಕಬಹುದು, ಅದು ಅಲ್ಲಿಯ ರೂಢಿ. ಮೂವತ್ತೊಂದು ವರ್ಷದಲ್ಲಿ ರೇಲೀನಳ ವಿರುದ್ಧ ಒಂದು ಕೈಯೂ ಎದ್ದಿರಲಿಲ್ಲ.

“ಅಕ್ಕಾ, ಅದು ನಿಜವಾದ ಗಂಟೆ ಅಲ್ಲ, ಶೂಟಿಂಗ್ ಮಾಡ್ತಿದಾರೆ!” ಅಂದಿದ್ದಳು ಟ್ಯಾಮ್. ಫುಟ್ಸ್‌ಕ್ರೇ ಬಡಾವಣೆಯಲ್ಲಿ ಅಮ್ಮನ ಬೇಕರಿ ನೋಡಿಕೊಳ್ಳುವ ವಿಯೆಟ್ನಾಮಿ ಹುಡುಗಿ ಅವಳು.

“ಗಂಟೆ ಅಂದ್ರೆ ಗಂಟೆ ಕಣೇ! ನಿಂತ್ಕೊಂಡು ನನಗೆ ಪಾಠ ಹೇಳ್ಬೇಡ, ತಟ್ಟೆ ತಗೊಂಡ್ ಬಾ!”

“ರೇಲೀನ್, ಇನ್ನೂ ನಲವತ್ತು ನಿಮಿಷ ಇದೆ,” ಅಂದ ಗ್ರಾಂಟ್, ನಿವೃತ್ತ ಡ್ರಿಲ್ ಮಾಸ್ತರ.

“ನಿನ್ನ ಸೀಟಿ ಊದೋ ಬುದ್ಧಿನ ಮನೇಲಿಟ್ಟು ಬಾ. ಹಿಟ್ಟು ಕಲಸೋಕೆ ಬರಲ್ಲ, ಟೈಮ್ ಹೇಳೋಕ್ ಬಂದ!”

ಲೋರ್ನಾ ತಟ್ಟೆ ಜೋಡಿಸಿದಳು. ಒಂಬತ್ತೇ ನಿಮಿಷದಲ್ಲಿ ಎಂಬತ್ತು ತಟ್ಟೆ ಮೇಜಿನ ಮೇಲಿದ್ದವು. ಬೆಂಚುಗಳು ಖಾಲಿ. ರೇಲೀನ್ ಸೊಂಟದ ಮೇಲೆ ಕೈ ಇಟ್ಟು ದಾರಿ ನೋಡಿದಳು. ಯಾರೂ ಬರಲಿಲ್ಲ. ತಾನು ಮಾಡಿದ್ದೇನೆಂದು ಆಗ ಅವಳಿಗೆ ಹೊಳೆಯಿತು, ಹೊಳೆದದ್ದೇ ತಡ ಇನ್ನೂ ಜೋರಾಗಿ ಎಲ್ಲರಿಗೂ ಬೈದಳು. ಹನ್ನೆರಡಕ್ಕೆ ಆಳುಗಳು ಬಂದು ಕೂತಾಗ ಸಾರಿನ ಮೇಲೆ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿತ್ತು. ತೀರ್ಪುಗಾರ ಒಂದು ತುತ್ತು ತಿಂದು, ತುಟಿಗೆ ಮೆತ್ತಿದ್ದನ್ನು ಕರವಸ್ತ್ರದಲ್ಲಿ ಒರೆಸಿಕೊಂಡ.

ಈಗ ಕಾರ್ಡು ಓದುವ ಹೊತ್ತು. ಗ್ರಾಂಟ್ ಮೊದಲು ಓದಿದ: ರೇಲೀನ್. ಟ್ಯಾಮ್ ನೆಲ ನೋಡುತ್ತ ಓದಿದಳು: ರೇಲೀನ್. ರೇಲೀನ್ ತನ್ನದನ್ನು ಓದಿದಳು: ಗ್ರಾಂಟ್. ಉಳಿದದ್ದು ಲೋರ್ನಾಳದ್ದು. ಅವಳೂ ಗ್ರಾಂಟ್ ಅಂದುಬಿಟ್ಟರೆ ಎರಡು ಎರಡು ಸಮ, ಆಗ ಇಬ್ಬರಿಗೂ ಎದುರಾಬದುರು ಅಡುಗೆ. ಆ ಮಾಸ್ತರನನ್ನು ರೇಲೀನ್ ಕಣ್ಣು ಮುಚ್ಚಿಕೊಂಡು ಸೋಲಿಸುತ್ತಿದ್ದಳು. ಅದು ಲೋರ್ನಾಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

“ರೇಲೀನ್,” ಅಂದಳು ಲೋರ್ನಾ. “ಸಾಕಾಗೋಗಿದೆ ಕಣೇ ರೇ. ಹನ್ನೊಂದು ವರ್ಷ. ಯಾರೂ ಬೈಯದೇ ಇರೋ ಒಂದು ವಾರ ಬೇಕು ನನಗೆ. ಒಂದೇ ವಾರ.”

ಗ್ರಾಂಟ್ ಎರಡು ಹೆಜ್ಜೆ ಹಿಂದೆ ಸರಿದ. ಎಲ್ಲರೂ ರೇಲೀನಳ ಬಾಯಿಯನ್ನೇ ನೋಡಿದರು. ಕ್ಯಾಮೆರಾದವನು ಇನ್ನಷ್ಟು ಹತ್ತಿರ ಬಂದ. ರೇಲೀನಳಿಗೆ ಏನೂ ಆಗಲಿಲ್ಲ. ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಟ್ಟ ದವಡೆಯ ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು. ತಗಡಿನ ಮೇಲೆ ಯಾವುದೋ ಹಕ್ಕಿ ನಡೆದಾಡುತ್ತಿದ್ದದ್ದು ಅವಳಿಗೆ ಸ್ಪಷ್ಟವಾಗಿ ಕೇಳುತ್ತಿತ್ತು.

“ಸರಿ,” ಅಂದಳು. ಏಪ್ರನ್ ಬಿಚ್ಚಿ, ಮಡಚಿ, ಮೇಜಿನ ಮೇಲಿಟ್ಟಳು. ಹೊರಗೆ ಕಾದಿದ್ದ ಕಾರಿನ ತನಕ ನಡೆದಳು.

ಅಷ್ಟಕ್ಕೇ ಮುಗಿದಿದ್ದರೆ ಅವಳ ಪುಣ್ಯ. ಕಾರ್ಯಕ್ರಮ ನಡೆಸುವ ಇಮೋಜನ್, ಕಿವಿಗೆ ವೈರು ಸಿಕ್ಕಿಸಿಕೊಂಡ ಹುಡುಗಿ, ಹಿಂದೆಯೇ ಓಡಿ ಬಂದಳು.

“ಸಾರಿ ರೇಲೀನ್, ಲೋರ್ನಾ ಓದೋವಾಗ ಆಚೆ ಟ್ರ್ಯಾಕ್ಟರ್ ಹೋಯ್ತು, ಧ್ವನಿ ಕೆಟ್ಟೋಗಿದೆ. ಇನ್ನೊಂದ್ಸಲ ಮಾಡೋಣ್ವಾ? ಏಪ್ರನ್ ಹಾಕ್ಕೊಂಡ್ ಬನ್ನಿ, ಪ್ಲೀಸ್.”

“ನನ್ನನ್ನ ಇನ್ನೊಂದ್ಸಲ ಹೊರಗೆ ಹಾಕ್ಬೇಕಾ?”

“ಐದೇ ನಿಮಿಷ. ಆಮೇಲೆ... ನೀವು ಸ್ವಲ್ಪ... ಹೇಗೆ ಹೇಳ್ಲಿ, ನಿಮ್ಮ ಥರಾನೇ ಇರಿ. ಬೆಳಿಗ್ಗೆ ತಟ್ಟೆ ವಿಷಯಕ್ಕೆ ಕೂಗಾಡಿದ್ರಲ್ಲ, ಹಾಗೆ. ಜನ ಅದಕ್ಕೇ ಕಾಯ್ತಿರ್ತಾರೆ.”

ಬೇರೆ ದಿನವಾಗಿದ್ದರೆ ಇಮೋಜನ್‌ಳ ಏಳು ತಲೆಮಾರನ್ನು ಎಬ್ಬಿಸಿ ನಿಲ್ಲಿಸುತ್ತಿದ್ದಳು. ಈಗ ಹಿಂದಿರುಗಿ, ಮಡಚಿಟ್ಟ ಏಪ್ರನ್ ಬಿಡಿಸಿ ಕಟ್ಟಿಕೊಂಡು, ನೆಲದ ಮೇಲೆ ಅಂಟಿಸಿದ್ದ ಹಳದಿ ಪಟ್ಟಿಯ ಮೇಲೆ ಕಾಲಿಟ್ಟು ನಿಂತಳು. ಮುಖದ ಬೆವರು ಮೊದಲಿನಷ್ಟು ಕಾಣುತ್ತಿಲ್ಲವೆಂದು ಯಾರೋ ನೀರು ಚಿಮುಕಿಸಿದರು.

ಗ್ರಾಂಟ್ ಓದಿದ. ಟ್ಯಾಮ್ ಓದಿದಳು. ರೇಲೀನ್ ಓದಿದಳು. ಲೋರ್ನಾ ಕಾರ್ಡು ಎತ್ತಿದಳು, ಓದದೆ ಕೆಳಗಿಳಿಸಿದಳು. ಮತ್ತೆ ಪ್ರಯತ್ನಿಸಿದಳು. ಆಗಲಿಲ್ಲ.

“ಓದ್ಬಿಡು ಲೋರ್ನಾ,” ಅಂದಳು ರೇಲೀನ್. “ಪಾಪ, ಎಲ್ಲರೂ ಸೆಕೇಲಿ ಕಾಯ್ತಿದಾರೆ.”

ಲೋರ್ನಾ ಓದಿದಳು. ಸಾಕಾಗೋಗಿದೆ ಅನ್ನುವ ಮಾತು ಈ ಸಲ ಹೇಳಲಿಲ್ಲ. ಕಾರ್ಡನ್ನು ಕೆಳಗೆ ಹಾಕಿ ನೇರ ರೇಲೀನಳ ಮುಂದೆ ಬಂದು ನಿಂತಳು.

“ಬೈಯೇ ರೇ. ಬೈದ್ಬಿಡು ನನ್ನ. ಹೀಗೆ ನೋಡ್ಬೇಡ.”

ರೇಲೀನ್ ನಿಜವಾಗಿಯೂ ಹುಡುಕಿದಳು. ಕೃತಘ್ನೆ, ಹೇತ್ಲಾಂಡಿ, ಬೆನ್ನಿಗೆ ಚೂರಿ ಹಾಕಿದವಳು, ಎಲ್ಲ ಮಾತುಗಳೂ ಗೊತ್ತಿದ್ದವು. ಯಾವುದೂ ಲೋರ್ನಾಳಿಗೆ ಸೇರಿದ್ದು ಅನ್ನಿಸಲಿಲ್ಲ. ಬೈಯುವಷ್ಟು ಹತ್ತಿರದವರು ಅಲ್ಲಿ ಯಾರೂ ಇರಲಿಲ್ಲ.

“ಬೈಯೋದೇನಿದೆ? ಬೇಕಾದ್ದು ಬರೆದೆ,” ಅಂದಳು.

“ಆಗಸ್ಟ್‌ಗೆ ನಾನು ಬರ್ತೀನಿ. ಬರ್ತೀನಿ ಅಲ್ವಾ ರೇ?”

“ತೊಂದರೆ ತಗೋಬೇಡ. ನಾನು ಬೇರೆ ಯಾರನ್ನಾದ್ರೂ ನೋಡ್ಕೋತೀನಿ.” ಹಿಟ್ಟಿನ ಮೂಟೆ ಇಳಿಸಿ ಹೋಗುವ ಲಾರಿಯವನಿಗೆ ಕೊಡುವ ಹಾಗೆ ಕೈ ಮುಂದೆ ಚಾಚಿದಳು. “ಇಷ್ಟು ವರ್ಷ ಚೆನ್ನಾಗಿ ಕೆಲಸ ಮಾಡಿದೆ ಲೋರ್ನಾ. ಥ್ಯಾಂಕ್ಸ್.”

ಲೋರ್ನಾ ಆ ಕೈಯನ್ನು ನೋಡಿದಳು. ಹನ್ನೊಂದು ವರ್ಷದಲ್ಲಿ ರೇಲೀನಳ ಬಾಯಿಂದ ಅವಳಿಗೆ ಒಂದೂ ಥ್ಯಾಂಕ್ಸ್ ಬಂದಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅವಳು ನಿಂತಲ್ಲೇ ಕುಸಿದು ಕೂತು, ಹೆಣದ ಮುಂದೆ ಅಳುವ ಹಾಗೆ ದೊಡ್ಡ ದನಿ ತೆಗೆದು ಅತ್ತಳು. ಕ್ಯಾಮೆರಾ ತಕ್ಷಣ ಅವಳತ್ತ ತಿರುಗಿತು. ಟ್ಯಾಮ್ ಓಡಿ ಬಂದು ಅವಳನ್ನು ತಬ್ಬಿಕೊಂಡಳು.

“ಆಯ್ತು, ಶಾಟ್ ಸಿಕ್ತು,” ಅಂದಳು ಇಮೋಜನ್ ಮೆಲ್ಲಗೆ.

ರೇಲೀನ್ ಚಾಚಿದ ಕೈ ಹಿಂದೆಗೆದುಕೊಂಡಳು. ತನಗೂ ಅಳು ಬರಬಹುದೇನೋ ಎಂದು ಸ್ವಲ್ಪ ಹೊತ್ತು ನಿಂತು ನೋಡಿದಳು. ಬರಲಿಲ್ಲ. ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಬಾಗಿಲು ಹಾಕಿಕೊಂಡಳು.