ಮೇಸ್ತ್ರಿ ನುಣುಪು ಮಾಡಿದ ಗುಂಡಿ

ಗೋಡೆ ಕಂಡರೆ ಗಾರೆ ಮೇಸ್ತ್ರಿಯ ಕೈ ಸುಮ್ಮನಿರುವುದಿಲ್ಲ. ಮೂವತ್ತೆಂಟು ವರ್ಷದ ಚಾಳಿ, ಬಿಡು ಅಂದರೆ ಬಿಡುತ್ತದೆಯೇ? ಹಳೆಯ ಕಾಲದ ಗುರುತು ಹುಡುಕಲು ಊರವರೇ ಸೇರಿ ಮೈದಾನದಲ್ಲಿ ಗುಂಡಿ ತೋಡಿದ್ದರು. ಅದರ ಮಣ್ಣುಗೋಡೆ ತರಿತರಿಯಾಗಿದ್ದದ್ದು ಅವನ ಕಣ್ಣಿಗೆ ಚುಚ್ಚುತ್ತಿತ್ತು. ಬೆಳಿಗ್ಗೆ ಯಾರೂ ಬರುವ ಮೊದಲೇ ನೀರು ಚಿಮುಕಿಸಿ, ಕರಣೆ ಎಳೆದು, ಕನ್ನಡಿಯಂತೆ ನುಣುಪು ಮಾಡಿಟ್ಟ.

ಊರವರಿಗೆ ಅಗೆತ ಕಲಿಸುವ ಟೀಚರಮ್ಮ ಬಂದವಳೇ ತಲೆ ಮೇಲೆ ಕೈ ಹೊತ್ತು ಕೂತಳು.

"ಏನ್ಮಾಡಿಬಿಟ್ರಿ ಮೇಸ್ತ್ರಿ! ಈ ಮಣ್ಣಿನ ಪದರಗಳೇ ನಮ್ಮ ಸಾಕ್ಷಿ. ಒಂದೊಂದು ಬಣ್ಣ ಒಂದೊಂದು ಕಾಲ. ಎಲ್ಲಾ ಕಲಸಿಹಾಕಿದ್ರಲ್ಲ!"

ಮೇಸ್ತ್ರಿ ಕರಣೆ ಕೆಳಗಿಟ್ಟ. ಪುರಸಭೆಯ ಕಡತದಲ್ಲಿ ಆ ಮೈದಾನ ಮೊದಲಿನಿಂದಲೂ ಖಾಲಿ ಜಾಗ. ಅಲ್ಲಿ ಕೂಲಿಯವರ ಮನೆಗಳ ಸಾಲಿತ್ತು, ಒಂದೇ ಹಗಲಲ್ಲಿ ಸುಟ್ಟುಹೋಯಿತು ಎಂದು ಅವನ ಅಜ್ಜಿ ಸಾಯುವವರೆಗೂ ಹೇಳಿದಳು; ಒಬ್ಬರೂ ನಂಬಲಿಲ್ಲ. ಸಂಜೆ ಐದಕ್ಕೆ ಪುರಸಭೆಯ ಅಧ್ಯಕ್ಷರು ಬಂದು ನೋಡುವವರಿದ್ದರು. ಗುರುತು ಸಿಗದಿದ್ದರೆ ಗುಂಡಿ ಮುಚ್ಚಿ ವಾಹನ ನಿಲ್ಲಿಸುವ ಜಾಗ ಮಾಡುವುದೆಂದು ತೀರ್ಮಾನವಾಗಿತ್ತು.

"ಅಜ್ಜಿ ಮಾತಿಗೆ ಮೊಮ್ಮಗನೇ ಗಾರೆ ಬಳಿದ," ಎಂದಳು ಬುಟ್ಟಿ ಹೊರುತ್ತಿದ್ದ ಅವನ ತಂಗಿ. ಅವಳದು ಎಲುಬಿಲ್ಲದ ನಾಲಿಗೆ.

"ಬಾಯ್ಮುಚ್ಚೇ! ಮೇಡಂ, ನಾನು ಕಲಸಿದ್ದು ಮೇಲಿನ ಸಿಪ್ಪೆ ಮಾತ್ರ. ಬಳಿಯೋನಿಗೆ ಕೆರೆಯೋದು ಗೊತ್ತಿಲ್ವಾ?"

"ಒಣಗಲಿ ತಡೀರಿ. ಆಮೇಲೆ ಮೇಲಿಂದ ಕೆಳಕ್ಕೆ, ಹಗುರವಾಗಿ. ಪ್ರತಿ ಸಲ ಕರಣೆ ಒರೆಸ್ಕೊಳ್ಳಿ."

ಬಿಸಿಲೇರಿದ ಮೇಲೆ ಶುರುಮಾಡಿದ. ಜೀವಮಾನವಿಡೀ ಮೆತ್ತಿದ ಕೈ ಅಂದು ಕೆರೆಯಿತು. ಊಟಕ್ಕೆ ಏಳಲಿಲ್ಲ. ಮೊಣಕಾಲು ಮರಗಟ್ಟಿತು. ಮೂರು ಗಂಟೆಯಾದರೂ ಬರೀ ಕೆಂಪು ಮಣ್ಣು. ತಂಗಿ ಮಾತು ನಿಲ್ಲಿಸಿ, ಪಕ್ಕದಲ್ಲಿ ಕೂತು ಪುಡಿ ಬಾಚತೊಡಗಿದಳು. ನಾಲ್ಕೂವರೆಗೆ ಕಪ್ಪು ಗೆರೆಯೊಂದು ಕಂಡಿತು. ಕೆರೆದಷ್ಟೂ ಉದ್ದವಾಯಿತು: ಈ ಮೂಲೆಯಿಂದ ಆ ಮೂಲೆಗೆ ಇದ್ದಿಲು. ಅದರಡಿ ತೆಳು ಹಳದಿ ಪದರ, ಗಟ್ಟಿ, ಮಟ್ಟಸ.

ಅಧ್ಯಕ್ಷರು ಬಗ್ಗಿ ನೋಡಿದರು. "ಯಾರೋ ಕಸ ಸುಟ್ಟಿರ್ತಾರೆ, ಅಷ್ಟೇ."

"ಕಸ ಸುಡೋಕೆ ಯಾರಾದ್ರೂ ಜೇಡಿಮಣ್ಣು ತಂದು, ಬಡಿದು, ಮಟ್ಟ ನೋಡಿ ನೆಲ ಮಾಡ್ತಾರಾ ಸ್ವಾಮಿ? ಇದು ನನ್ನ ಕಸುಬು. ಇಲ್ಲಿ ಕೈಯಿಟ್ಟು ನೋಡಿ."

ಅಧ್ಯಕ್ಷರು ಕೈಯಿಟ್ಟರು. ಈ ಮೂಲೆಯಿಂದ ಆ ಮೂಲೆಯವರೆಗೂ ಸವರಿದರು. "ಮುಚ್ಚೋದು ಬೇಡ," ಎಂದು ಎದ್ದರು.

ಟೀಚರಮ್ಮ ನಕ್ಷೆಯ ಹಾಳೆ ಬಿಡಿಸಿ, ಹಳದಿ ಪದರದ ಗೆರೆ ಎಳೆದು ಕೇಳಿದಳು: "ಇದಕ್ಕೇನು ಹೆಸರು ಬರೀಲಿ, ಮೇಸ್ತ್ರಿ?"

ಅವನು ಕರಣೆ ಒರೆಸಿ ಪಕ್ಕಕ್ಕಿಟ್ಟ.

"ಅಜ್ಜಿ ಮನೆ ಅಂತ ಬರೀರಿ."